ನಾವು ಮಲಗಿದಾಗ ಚರ್ಮ ಏನು ಮಾಡುತ್ತದೆ?

ಮಕ್ಕಳೇ, ತಾಂಡೂರಿನ ಹತ್ತಿರ ಇರುವ ಕರಣಕೋಟದ ಹೆಸರನ್ನು ನೀವು ಕೇಳಿರಬಹುದು. ನಿಮ್ಮಲ್ಲಿ ಕೆಲವರ ಊರೇ ಅದಾಗಿರಬಹುದು. ಆ ಸೀಮೆಯ ನೆಲದ ಅಡಿಯಲ್ಲಿ ಸುಣ್ಣದ ಕಲ್ಲು ಹಾಸುಹಾಸಾಗಿ ತುಂಬಿದೆ. ಅದನ್ನು ಗಣಿಗಳಿಂದ ತೆಗೆಯುತ್ತಾರೆ. ಯಂತ್ರಗಳಲ್ಲಿ ಕೊಯ್ದು ನಯ ಮಾಡುತ್ತಾರೆ. ಆಮೇಲೆ ಅದು ದೂರದ ಊರುಗಳ ಮನೆಗಳಿಗೆ ನೆಲಹಾಸಾಗಿ ಹೋಗುತ್ತದೆ. ಇದೇ ಹೆಸರಾದ ತಾಂಡೂರು ಕಲ್ಲು. ಕರಣಕೋಟದಲ್ಲಿ ಭಾರತ ಸಿಮೆಂಟ್ ನಿಗಮದ ಕಾರ್ಖಾನೆಯೂ ಇದೆ. ಸಿಮೆಂಟ್ ಮಾಡುವುದಕ್ಕೂ ಸುಣ್ಣದ ಕಲ್ಲೇ ಮೂಲ ವಸ್ತು.

ಈ ಕಲ್ಲು ಅನೇಕ ಕುಟುಂಬಗಳಿಗೆ ಅನ್ನ ಕೊಡುತ್ತದೆ. ಆದರೆ ಕಲ್ಲು ಇರುವಲ್ಲಿ ಧೂಳೂ ಇರುತ್ತದೆ. ಲಾರಿ ಹೋದರೆ ಧೂಳು, ಕಲ್ಲು ಕೊಯ್ದರೆ ಧೂಳು, ಗಾಳಿ ಬೀಸಿದರೂ ಧೂಳು. ಅದು ಮರದ ಎಲೆಯ ಮೇಲೆ ಕೂರುತ್ತದೆ. ಮನೆಯ ಮಾಳಿಗೆಯ ಮೇಲೆ ಕೂರುತ್ತದೆ. ನಮ್ಮ ಮೈಮೇಲೆ ಮತ್ತು ತಲೆಗೂದಲಿನ ಮೇಲೆ ಕೂಡ ಕೂರುತ್ತದೆ.

ಸಂಜೆಯಾದ ಮೇಲೆ ನಾವು ಊಟ ಮಾಡಿ ಮಲಗುತ್ತೇವೆ. ಕಣ್ಣು ಮುಚ್ಚುತ್ತೇವೆ. ಆಗ ನಮ್ಮ ಚರ್ಮವೂ ಮಲಗುತ್ತದೆಯೇ? ಇಲ್ಲ. ಚರ್ಮ ಮತ್ತು ಕೂದಲಿನ ಬೇರುಗಳು ರಾತ್ರಿಯಿಡೀ ಕೆಲಸ ಮಾಡುತ್ತವೆ. ಆ ಕೆಲಸ ಯಾವುದು? ಅದಕ್ಕೆ ನಾವು ಹೇಗೆ ನೆರವಾಗಬಹುದು? ಈ ಪಾಠದಲ್ಲಿ ತಿಳಿಯೋಣ.

ಚರ್ಮ ಒಂದು ಗೋಡೆ

ನಮ್ಮ ದೇಹದ ಅಂಗಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು? ಹೊಟ್ಟೆ ಎನ್ನುತ್ತೀರಾ? ಕಾಲು ಎನ್ನುತ್ತೀರಾ? ಅದು ನಮ್ಮ ಚರ್ಮ. ದೊಡ್ಡವರೊಬ್ಬರ ಚರ್ಮವನ್ನು ಹಾಸಿದರೆ ಅದು ಸುಮಾರು ಒಂದೂವರೆಯಿಂದ ಎರಡು ಚದರ ಮೀಟರಿನಷ್ಟು ಜಾಗವನ್ನು ಮುಚ್ಚುತ್ತದೆ. ಅಂದರೆ ಒಂದು ಚಿಕ್ಕ ಚಾಪೆಯಷ್ಟು ಎಂದು ತಿಳಿಯಿರಿ.

ಮನೆಗೆ ಗೋಡೆ ಹೇಗೋ ದೇಹಕ್ಕೆ ಚರ್ಮ ಹಾಗೆ. ಗೋಡೆಯು ಹೊರಗಿನ ಧೂಳು, ಬಿಸಿಲು, ಹುಳಹುಪ್ಪಟೆಗಳನ್ನು ತಡೆಯುತ್ತದೆ. ಚರ್ಮವೂ ಹಾಗೆಯೇ ರೋಗಾಣುಗಳನ್ನು ಒಳಗೆ ಬಿಡುವುದಿಲ್ಲ. ಒಳಗಿನ ನೀರನ್ನು ಬೇಗನೆ ಹೊರಗೆ ಹೋಗಲೂ ಬಿಡುವುದಿಲ್ಲ.

ಈ ಗೋಡೆ ಇಟ್ಟಿಗೆಯಂತಹ ಕಣಗಳಿಂದ ಆಗಿದೆ. ಇವನ್ನು ಜೀವಕೋಶಗಳು ಎನ್ನುತ್ತಾರೆ. ಅವು ಬಹಳ ಚಿಕ್ಕವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಕಾಣುತ್ತವೆ. ಚರ್ಮದ ಮೇಲ್ಪದರದ ತಳದಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತಲೇ ಇರುತ್ತವೆ. ಹೊಸವು ಹುಟ್ಟಿದಂತೆ ಹಳೆಯವು ಮೇಲಕ್ಕೆ ಸರಿಯುತ್ತವೆ. ಮೇಲೆ ಬಂದವು ಒಣಗಿ, ಚಪ್ಪಟೆಯಾಗಿ, ಕೊನೆಗೆ ಉದುರಿ ಹೋಗುತ್ತವೆ. ತಳದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಅಥವಾ ಸ್ವಲ್ಪ ಹೆಚ್ಚು ಕಾಲ ಬೇಕು. ಸ್ನಾನ ಮಾಡುವಾಗ ಮೈ ಉಜ್ಜಿದರೆ ಮಣ್ಣಿನ ಬತ್ತಿಯಂತೆ ಕೊಳೆ ಬರುತ್ತದಲ್ಲವೇ? ಅದರಲ್ಲಿ ಧೂಳು ಮಾತ್ರ ಇರುವುದಿಲ್ಲ. ಉದುರಿದ ಈ ಜೀವಕೋಶಗಳೂ, ಬೆವರೂ, ಎಣ್ಣೆಯ ಜಿಡ್ಡೂ ಅದರಲ್ಲಿ ಕೂಡಿರುತ್ತವೆ.

ಚರ್ಮಕ್ಕೂ ಗಡಿಯಾರ ಇದೆ

ಕೋಳಿ ಬೆಳಗಿನ ಜಾವದಲ್ಲಿ ಕೂಗುತ್ತದೆ. ಹುಣಸೆಯ ಎಲೆಗಳು ಸಂಜೆ ಮಡಚಿಕೊಳ್ಳುತ್ತವೆ. ಹೊತ್ತು ಎಷ್ಟಾಯಿತೆಂದು ಅವಕ್ಕೆ ಯಾರೂ ಹೇಳುವುದಿಲ್ಲ. ಅವುಗಳ ಒಳಗೇ ಒಂದು ಗಡಿಯಾರ ಇದೆ. ಮನುಷ್ಯರಲ್ಲಿಯೂ ಇಂತಹ ಗಡಿಯಾರ ಇದೆ. ಜೀವಿಗಳಲ್ಲಿ ಈ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂದಿತು.

ಚರ್ಮವೂ ಈ ಗಡಿಯಾರದಂತೆ ನಡೆಯುತ್ತದೆ. ಹಗಲಿನಲ್ಲಿ ಅದಕ್ಕೆ ಕಾವಲು ಕಾಯುವ ಕೆಲಸ. ಬಿಸಿಲನ್ನು ತಡೆಯಬೇಕು. ಗಾಯವಾದರೆ ಮುಚ್ಚಬೇಕು. ಇಂಗ್ಲೆಂಡಿನ ಕೇಂಬ್ರಿಜ್‌ನ ವಿಜ್ಞಾನಿಗಳು 2017ರಲ್ಲಿ ಒಂದು ವಿಷಯವನ್ನು ತಿಳಿಸಿದರು. ಹಗಲಿನಲ್ಲಿ ಸುಟ್ಟ ಗಾಯಗಳು ವಾಸಿಯಾಗಲು ಸರಾಸರಿ 17 ದಿನ ಬೇಕಾಯಿತು. ರಾತ್ರಿ ಸುಟ್ಟ ಗಾಯಗಳಿಗೆ ಸರಾಸರಿ 28 ದಿನ ಬೇಕಾಯಿತು. ಗಾಯವನ್ನು ಮುಚ್ಚಲು ಓಡಿ ಬರುವ ಜೀವಕೋಶಗಳು ಹಗಲಿನಲ್ಲಿ ಚುರುಕಾಗಿರುತ್ತವೆ ಎಂದು ಅವರು ಕಂಡರು.

ರಾತ್ರಿಯ ಕೆಲಸ ಬೇರೆ. ಮೇಲ್ಪದರದ ತಳದಲ್ಲಿ ಹೊಸ ಜೀವಕೋಶಗಳು ರಾತ್ರಿಯಲ್ಲಿ ಹೆಚ್ಚಾಗಿ ಹುಟ್ಟುತ್ತವೆ. ಹಗಲೆಲ್ಲ ಸವೆದ ಗೋಡೆಗೆ ರಾತ್ರಿ ಹೊಸ ಇಟ್ಟಿಗೆ ಸೇರುತ್ತದೆ. ನಿದ್ರೆ ಬರುವಾಗ ಕೈಕಾಲುಗಳ ಚರ್ಮಕ್ಕೆ ಹೆಚ್ಚು ರಕ್ತ ಹರಿಯುತ್ತದೆ. ಆದ್ದರಿಂದ ನಿದ್ದೆ ಮಾಡುವ ಮಗುವಿನ ಅಂಗೈ ಬೆಚ್ಚಗಿರುತ್ತದೆ. ಮುಟ್ಟಿ ನೋಡಿರಿ.

ರಾತ್ರಿ ಇನ್ನೊಂದು ಬದಲಾವಣೆಯೂ ಆಗುತ್ತದೆ. ಚರ್ಮದಲ್ಲಿ ಎಣ್ಣೆಯಂತಹ ಜಿಡ್ಡು ತಯಾರಾಗುವುದು ಹಗಲಿಗಿಂತ ಕಡಿಮೆಯಾಗುತ್ತದೆ. ಚರ್ಮದ ಮೂಲಕ ನೀರು ಆವಿಯಾಗಿ ಹೋಗುವುದು ಹೆಚ್ಚಾಗುತ್ತದೆ. ಅಂದರೆ ರಾತ್ರಿ ಚರ್ಮ ಬೇಗ ಒಣಗುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ ಎದ್ದಾಗ ತುಟಿ, ಮೊಣಕಾಲು, ಹಿಮ್ಮಡಿ ಬಿರಿದಂತೆ ಅನಿಸಲು ಇದೂ ಒಂದು ಕಾರಣ.

ಧೂಳನ್ನು ಹಾಸಿಗೆಗೆ ಒಯ್ಯಬಾರದು

ರಾತ್ರಿ ಚರ್ಮ ತನ್ನ ಕೆಲಸ ಮಾಡುವಾಗ ಅದರ ಮೇಲೆ ಧೂಳು, ಬೆವರು, ಜಿಡ್ಡು ಇದ್ದರೆ ಏನಾಗುತ್ತದೆ? ಬೆವರಿನ ಮತ್ತು ಜಿಡ್ಡಿನ ಸಣ್ಣ ರಂಧ್ರಗಳು ಮುಚ್ಚಿಕೊಳ್ಳಬಹುದು. ತುರಿಕೆ ಬರಬಹುದು. ತುರಿಸಿದರೆ ಉಗುರಿನ ಗೀರುಗಳ ಮೂಲಕ ರೋಗಾಣುಗಳು ಒಳಗೆ ಹೋಗುತ್ತವೆ. ಆಗ ಕೀವು ತುಂಬಿದ ಗುಳ್ಳೆಗಳು ಏಳುತ್ತವೆ.

ಸಿಮೆಂಟಿನ ಧೂಳಿನ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಆರೋಗ್ಯವಾದ ಚರ್ಮಕ್ಕೆ ಸ್ವಲ್ಪ ಹುಳಿ ಗುಣ, ಅಂದರೆ ಆಮ್ಲ ಗುಣ ಇರುತ್ತದೆ. ಸಿಮೆಂಟಿಗೆ ನೀರು ತಾಗಿದರೆ ಅದು ಬಲವಾದ ಕ್ಷಾರವಾಗುತ್ತದೆ. ಬೆವರು ಕೂಡ ನೀರೇ ತಾನೆ? ಬೆವರಿದ ಮೈಮೇಲೆ ಸಿಮೆಂಟ್ ಧೂಳು ಬಹಳ ಹೊತ್ತು ಇದ್ದರೆ ಚರ್ಮ ಒಣಗಿ ಒಡೆಯುತ್ತದೆ. ಕೆಲವೊಮ್ಮೆ ಸುಟ್ಟ ಹಾಗೆ ಗಾಯವಾಗುತ್ತದೆ. ಹಸಿ ಸಿಮೆಂಟನ್ನು ಬರಿಗೈಯಲ್ಲಿ ಮುಟ್ಟಬಾರದು ಎಂದು ದೊಡ್ಡವರು ಹೇಳುವುದು ಇದಕ್ಕಾಗಿಯೇ. ಮನೆ ಕಟ್ಟುವ ಜಾಗದಲ್ಲಿ ನೀವೂ ಸಿಮೆಂಟಿನಲ್ಲಿ ಆಟವಾಡಬಾರದು.

ಆದ್ದರಿಂದ ಮಲಗುವ ಮೊದಲು ಹೀಗೆ ಮಾಡಿರಿ.

ಮೊದಲು ಮನೆಯ ಹೊರಗೆ ನಿಂತು ಬಟ್ಟೆ ಮತ್ತು ತಲೆಯ ಧೂಳನ್ನು ಕೊಡವಿರಿ. ಕೊಡವುವಾಗ ಬಾಯಿ ಮುಚ್ಚಿಕೊಳ್ಳಿರಿ. ಆಟದ ಬಟ್ಟೆಯನ್ನು ಬಿಚ್ಚಿ ಬೇರೆ ಕಡೆ ಇಡಿರಿ. ಅದೇ ಬಟ್ಟೆಯಲ್ಲಿ ಹಾಸಿಗೆಗೆ ಹೋಗಬೇಡಿರಿ. ಆಮೇಲೆ ಮುಖ, ಕತ್ತು, ಕಿವಿಯ ಹಿಂಭಾಗ, ಕೈ, ಕಾಲುಗಳನ್ನು ಸ್ವಚ್ಛ ನೀರಿನಿಂದ ತೊಳೆಯಿರಿ. ಬೆರಳುಗಳ ಸಂದುಗಳನ್ನು ಮರೆಯಬೇಡಿರಿ. ಸ್ವಚ್ಛ ಬಟ್ಟೆಯಿಂದ ಮೆಲ್ಲಗೆ ಒರಸಿಕೊಳ್ಳಿರಿ. ಬೆರಳ ಸಂದಿನಲ್ಲಿ ಒದ್ದೆ ಉಳಿದರೆ ಅಲ್ಲಿ ಚರ್ಮ ನೆನೆದು ಬಿಳಿಚಿ ಹುಣ್ಣಾಗುತ್ತದೆ.

ಬೇಸಿಗೆಯಲ್ಲಿ ನೀರು ಕಡಿಮೆ ಇರಬಹುದು. ಆಗಲೂ ಕೈ, ಮುಖ, ಕಾಲುಗಳಿಗೆ ಎರಡು ತಂಬಿಗೆ ನೀರು ಸಾಕು. ಮೊದಲು ಮುಖ, ನಂತರ ಕೈ, ಕೊನೆಗೆ ಕಾಲು ತೊಳೆಯಿರಿ. ತೊಳೆದ ನೀರು ತೆಂಗಿನ ಬುಡಕ್ಕೋ ಕರಿಬೇವಿನ ಬುಡಕ್ಕೋ ಹೋಗಲಿ.

ನಿಮ್ಮ ತಂದೆ ಅಥವಾ ತಾಯಿ ಗಣಿಯಲ್ಲಿ, ಪಾಲಿಷ್ ಘಟಕದಲ್ಲಿ, ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆಯೇ? ಅವರು ಮನೆಗೆ ಬಂದ ಕೂಡಲೇ ಓಡಿಹೋಗಿ ಅಪ್ಪಿಕೊಳ್ಳಬೇಕೆಂದು ನಿಮಗೆ ಆಸೆಯಾಗುತ್ತದೆ. ಸ್ವಲ್ಪ ತಡೆಯಿರಿ. ಅವರಿಗೆ ಒಂದು ಬಕೆಟ್ ನೀರು ಮತ್ತು ಮಡಿಚಿದ ಬಟ್ಟೆ ತಂದುಕೊಡಿರಿ. ಅವರು ಸ್ನಾನ ಮಾಡಿ ಬಟ್ಟೆ ಬದಲಾಯಿಸಿದ ಮೇಲೆ ಅಪ್ಪಿಕೊಳ್ಳಿರಿ. ಹೀಗೆ ಮಾಡಿದರೆ ಕೆಲಸದ ಧೂಳು ಹಾಸಿಗೆಗೂ, ತೊಟ್ಟಿಲಲ್ಲಿರುವ ಕೂಸಿಗೂ ಮುಟ್ಟುವುದಿಲ್ಲ. ಅವರ ಚರ್ಮಕ್ಕೂ ವಿಶ್ರಾಂತಿ ಸಿಗುತ್ತದೆ.

ಸಾಬೂನು ಕೊಳೆಯನ್ನು ಹೇಗೆ ತೆಗೆಯುತ್ತದೆ?

ನೀರು ಮತ್ತು ಎಣ್ಣೆ ಒಂದರೊಡನೆ ಒಂದು ಸೇರುವುದಿಲ್ಲ. ಜಿಡ್ಡಿಗೆ ಅಂಟಿದ ಧೂಳನ್ನು ಬರಿಯ ನೀರು ತೆಗೆಯಲಾರದು. ಸಾಬೂನಿನ ಕಣಕ್ಕೆ ಎರಡು ತುದಿಗಳಿವೆ. ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ. ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ನೀರು ಹರಿದಾಗ ಜಿಡ್ಡೂ ಧೂಳೂ ಅದರೊಂದಿಗೆ ಹೋಗುತ್ತವೆ.

ನಮ್ಮ ಹಿರಿಯರು ಸೀಗೆಕಾಯಿ, ಅಂಟವಾಳದ ಕಾಯಿ, ಕಡಲೆಹಿಟ್ಟುಗಳನ್ನು ಬಳಸುತ್ತಿದ್ದರು. ಸೀಗೆಯಲ್ಲಿಯೂ ಅಂಟವಾಳದಲ್ಲಿಯೂ ನೊರೆ ಬರಿಸುವ ವಸ್ತು ಇದೆ. ಅದು ಸಾಬೂನಿನಂತೆಯೇ ಕೊಳೆಯನ್ನು ಬಿಡಿಸುತ್ತದೆ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರಾಗಿದ್ದ ಕಾಲದಲ್ಲಿ, 1916ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾಯಿತು. ಗಂಧದೆಣ್ಣೆಯ ಆ ಸಾಬೂನು ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ.

ಒಂದು ಮಾತು ನೆನಪಿರಲಿ. ಸಾಬೂನು ಕೂಡ ಸ್ವಲ್ಪ ಕ್ಷಾರವೇ. ಹೆಚ್ಚು ಉಜ್ಜಿದರೆ ಚರ್ಮದ ಸ್ವಂತ ಜಿಡ್ಡೂ ಹೋಗಿ ಚರ್ಮ ಒಣಗುತ್ತದೆ. ಒಂದು ಸಾರಿ ಹಚ್ಚಿ ಚೆನ್ನಾಗಿ ತೊಳೆದರೆ ಸಾಕು. ಬಟ್ಟೆ ಒಗೆಯುವ ಸಾಬೂನನ್ನು ಮೈಗೆ ಹಚ್ಚಬಾರದು. ಕಲ್ಲಿನ ಚೂರಿನಿಂದ ಮುಖ ಉಜ್ಜಬಾರದು.

ಒಡೆದ ಹಿಮ್ಮಡಿಗೆ ಎಣ್ಣೆ ಏಕೆ?

ಅಜ್ಜಿ ರಾತ್ರಿ ಮಲಗುವಾಗ ಹಿಮ್ಮಡಿಗೆ ಎಣ್ಣೆ ಹಚ್ಚುವುದನ್ನು ನೋಡಿದ್ದೀರಾ? ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ. ಅದು ಒಳಗಿರುವ ನೀರು ಹೊರಗೆ ಹೋಗದಂತೆ ತಡೆಯುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಆದ್ದರಿಂದ ಎಣ್ಣೆ ಹಚ್ಚಲು ಒಳ್ಳೆಯ ಸಮಯ ಯಾವುದು ಗೊತ್ತೇ? ಕಾಲು ತೊಳೆದು ಒರಸಿದ ಕೂಡಲೇ. ಆಗ ಚರ್ಮದಲ್ಲಿ ಸ್ವಲ್ಪ ತೇವ ಇರುತ್ತದೆ. ಮುಚ್ಚಳ ಹಾಕಿದರೆ ಆ ತೇವ ಒಳಗೇ ಉಳಿಯುತ್ತದೆ.

ಕೊಬ್ಬರಿ ಎಣ್ಣೆಯ ನಾಲ್ಕು ಹನಿ ಸಾಕು. ಪೆಟ್ರೋಲಿಯಂ ಜೆಲ್ಲಿ ಎಂಬ ಮುಲಾಮೂ ಇದೇ ಕೆಲಸ ಮಾಡುತ್ತದೆ. ಹಚ್ಚಿದ ಮೇಲೆ ನಯವಾದ ಕಲ್ಲುಹಾಸಿನ ಮೇಲೆ ನಡೆಯಬೇಡಿರಿ, ಜಾರಿ ಬೀಳುವಿರಿ. ಹಳೆಯ ಕಾಲುಚೀಲ ಹಾಕಿಕೊಂಡು ಮಲಗಿದರೆ ಹಾಸಿಗೆಗೂ ಎಣ್ಣೆ ಅಂಟುವುದಿಲ್ಲ. ಬಿರುಕು ಆಳವಾಗಿ ರಕ್ತ ಅಥವಾ ಕೀವು ಬಂದರೆ ಮಾತ್ರ ಎಣ್ಣೆ ಹಚ್ಚಿ ಸುಮ್ಮನಿರಬಾರದು. ವೈದ್ಯರಿಗೆ ತೋರಿಸಬೇಕು.

ಕೂದಲಿನ ಆರೈಕೆ

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಕೂದಲಿಗೆ ಜೀವ ಇರುವುದು ಬೇರಿನಲ್ಲಿ ಮಾತ್ರ. ಹೊರಗೆ ಕಾಣುವ ಎಳೆಗೆ ಜೀವವಿಲ್ಲ. ಆದ್ದರಿಂದಲೇ ಕೂದಲು ಕತ್ತರಿಸಿದರೆ ನೋವಾಗುವುದಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಒಂದು ರಾತ್ರಿಯಲ್ಲಿ ಬೆಳೆಯುವುದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ‘ಒಂದೇ ರಾತ್ರಿಯಲ್ಲಿ ಉದ್ದ ಕೂದಲು’ ಎಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಅವರಿಗೆ ತಿಳಿಸಿರಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚಣಿಗೆಯಲ್ಲಿ ನಾಲ್ಕು ಕೂದಲು ಕಂಡರೆ ಹೆದರಬೇಕಾಗಿಲ್ಲ.

ಕೂದಲಿನ ಹೊರಪದರ ಹೆಂಚು ಹೊದಿಸಿದ ಮನೆಯ ಹಾಗೆ ಇರುತ್ತದೆ. ಒಂದರ ಮೇಲೊಂದು ಸಣ್ಣ ಪೊರೆಗಳು ಕೂತಿರುತ್ತವೆ. ಧೂಳು ತುಂಬಿದ ಕೂದಲನ್ನು ಜೋರಾಗಿ ಬಾಚಿದರೆ ಈ ಹೆಂಚುಗಳು ಕಿತ್ತುಹೋಗುತ್ತವೆ. ಒದ್ದೆ ಕೂದಲಂತೂ ಇನ್ನೂ ಮೆದು. ಎಳೆದರೆ ಬೇಗ ತುಂಡಾಗುತ್ತದೆ. ಆದ್ದರಿಂದ ಒದ್ದೆ ತಲೆಯಲ್ಲಿ ಮಲಗಬೇಡಿರಿ. ಕೂದಲು ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಆರಂಭಿಸಿ ಮೇಲಕ್ಕೆ ಸಿಕ್ಕು ಬಿಡಿಸಿರಿ. ಉದ್ದ ಕೂದಲಿದ್ದವರು ಸಡಿಲವಾಗಿ ಒಂದು ಜಡೆ ಹಾಕಿಕೊಂಡು ಮಲಗಿರಿ. ಬಿಗಿಯಾದ ಜಡೆ ಬೇಡ, ಅದು ರಾತ್ರಿಯಿಡೀ ಬೇರನ್ನು ಎಳೆಯುತ್ತದೆ.

ತಲೆಗೆ ಎಣ್ಣೆ ಹಚ್ಚುವುದರಿಂದ ಪ್ರಯೋಜನ ಇದೆಯೇ? ಇದೆ. ಭಾರತದ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ಎಣ್ಣೆಗಳನ್ನು ಕೂದಲಿಗೆ ಹಚ್ಚಿ ಹೋಲಿಸಿ ನೋಡಿದರು. ಅದರ ಫಲ 2003ರಲ್ಲಿ ಪ್ರಕಟವಾಯಿತು. ಮೂರರಲ್ಲಿ ಕೊಬ್ಬರಿ ಎಣ್ಣೆ ಮಾತ್ರ ಕೂದಲಿನ ಒಳಗೆ ಇಳಿದು, ತೊಳೆಯುವಾಗ ಆಗುವ ಸವಕಳಿಯನ್ನು ಕಡಿಮೆ ಮಾಡಿತು. ನಮ್ಮ ಸೀಮೆಯಲ್ಲಿ ಕುಸುಬೆ ಬೆಳೆಯುತ್ತಾರೆ, ಅದರ ಎಣ್ಣೆ ಅಡುಗೆಗೆ ಬಹಳ ಚೆನ್ನು. ತಲೆಗೆ ಮಾತ್ರ ಕೊಬ್ಬರಿ ಎಣ್ಣೆ ಲೇಸು. ತಲೆಸ್ನಾನದ ಹಿಂದಿನ ರಾತ್ರಿ ಸ್ವಲ್ಪ ಹಚ್ಚಿ, ಬೆಳಿಗ್ಗೆ ತೊಳೆಯಿರಿ. ಎಣ್ಣೆ ಸುರಿಯುವಷ್ಟು ಹಚ್ಚಿ ಧೂಳಿನಲ್ಲಿ ಆಟವಾಡಿದರೆ ಎಣ್ಣೆಗೆ ಧೂಳು ಅಂಟಿ ತಲೆ ಇನ್ನೂ ಕೊಳೆಯಾಗುತ್ತದೆ. ತಲೆದಿಂಬಿನ ಬಟ್ಟೆಯನ್ನು ವಾರಕ್ಕೊಮ್ಮೆಯಾದರೂ ಒಗೆಯಬೇಕು.

ಹೇನಿಗೆ ಔಷಧಿ ಯಾವುದು?

ಅಕ್ಕಪಕ್ಕ ಮಲಗಿದಾಗ ಒಬ್ಬರ ತಲೆ ಇನ್ನೊಬ್ಬರ ತಲೆಗೆ ತಾಗುತ್ತದೆ. ಆಗ ಹೇನು ಮೆಲ್ಲಗೆ ಹರಿದುಹೋಗುತ್ತದೆ. ಹೇನಿಗೆ ರೆಕ್ಕೆ ಇಲ್ಲ. ಅದು ಹಾರಲಾರದು, ಜಿಗಿಯಲಾರದು. ಅದು ಹರಿದಾಡಿಯೇ ಹರಡುತ್ತದೆ. ಹೇನಿನ ಮೊಟ್ಟೆಯನ್ನು ಸೀರು ಎನ್ನುತ್ತೇವೆ. ಸೀರು ಒಡೆದು ಮರಿ ಬರಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಇಂದು ಹೇನು ತೆಗೆದು ಮರೆತರೆ ಸಾಲದು. ಒದ್ದೆ ಕೂದಲಿಗೆ ಎಣ್ಣೆ ಹಚ್ಚಿ ಹೇನುಬಾಚಣಿಗೆಯಿಂದ ಕೆಲವು ದಿನಗಳಿಗೊಮ್ಮೆ ಎರಡು ಮೂರು ವಾರ ಬಾಚಬೇಕು. ಇದನ್ನು ಮೆಲ್ಲಗೆ ಮಾಡಬೇಕು. ಮನೆಯವರೆಲ್ಲರ ತಲೆಯನ್ನೂ ನೋಡಬೇಕು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ ಇದೆ. ಹತ್ತಿ ಮತ್ತು ತೊಗರಿ ಬೆಳೆಗೆ ಹೊಡೆಯುವ ಔಷಧಿ ಕೆಲವು ಮನೆಗಳಲ್ಲಿ ಇರುತ್ತದೆ. ಅದು ಹುಳು ಸಾಯಿಸುತ್ತದೆ, ಹಾಗಾದರೆ ಹೇನನ್ನೂ ಸಾಯಿಸುತ್ತದೆ ಎಂದು ಯಾರಾದರೂ ತಲೆಗೆ ಹಚ್ಚಲು ಬಂದರೆ ಖಂಡಿತ ಬೇಡ ಎನ್ನಿರಿ. ಅದು ವಿಷ. ತಲೆಯ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಜೀವವೇ ಹೋಗಬಹುದು. ಸೀಮೆಎಣ್ಣೆಯೂ ಬೇಡ. ಅದು ಚರ್ಮವನ್ನು ಸುಡುತ್ತದೆ, ಬೆಂಕಿಯ ಬಳಿ ಹೋದರೆ ತಲೆಗೆ ಬೆಂಕಿ ಹತ್ತುತ್ತದೆ. ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಸರಿಯಾದ ಔಷಧಿಯನ್ನು ಹೇಳುತ್ತಾರೆ.

ರಾತ್ರಿ ಹೆಚ್ಚಾಗುವ ತುರಿಕೆ

ಹಗಲೆಲ್ಲ ಸುಮ್ಮನಿದ್ದು ರಾತ್ರಿ ಹಾಸಿಗೆಯಲ್ಲಿ ಮಲಗಿದ ಕೂಡಲೇ ತುರಿಕೆ ಹೆಚ್ಚಾಗುತ್ತದೆಯೇ? ಬೆರಳುಗಳ ಸಂದಿನಲ್ಲಿ, ಮಣಿಕಟ್ಟಿನಲ್ಲಿ, ಸೊಂಟದ ಸುತ್ತ ಸಣ್ಣ ಗುಳ್ಳೆಗಳಿವೆಯೇ? ಮನೆಯಲ್ಲಿ ಇನ್ನೊಬ್ಬರಿಗೂ ಹೀಗೆಯೇ ಆಗುತ್ತಿದೆಯೇ? ಹಾಗಿದ್ದರೆ ಅದು ಧೂಳಿನ ತುರಿಕೆ ಅಲ್ಲದಿರಬಹುದು. ಅದು ತುರಿಕಜ್ಜಿ ಆಗಿರಬಹುದು.

ತುರಿಕಜ್ಜಿಗೆ ಕಾರಣ ಒಂದು ನುಸಿ. ಅದರ ಉದ್ದ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. 1687ರಲ್ಲಿ ಇಟಲಿಯ ಬೊನೊಮೊ ಎಂಬ ವೈದ್ಯರೂ ಚೆಸ್ತೋನಿ ಎಂಬ ಔಷಧಿ ತಯಾರಕರೂ ಸೂಕ್ಷ್ಮದರ್ಶಕದಲ್ಲಿ ಈ ನುಸಿಯನ್ನು ನೋಡಿ, ಕಜ್ಜಿಗೆ ಇದೇ ಕಾರಣ ಎಂದು ಹೇಳಿದರು. ಆದರೆ ಬಹಳ ಕಾಲ ಜನ ಅದನ್ನು ನಂಬಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ತುರಿಕಜ್ಜಿಯನ್ನು ಜಗತ್ತು ನಿರ್ಲಕ್ಷಿಸಿದ ರೋಗಗಳ ಪಟ್ಟಿಗೆ ಸೇರಿಸಿತು.

ನುಸಿ ಮೈಗೆ ಸೇರಿದ ಕೂಡಲೇ ತುರಿಕೆ ಬರುವುದಿಲ್ಲ. ಮೊದಲ ಸಾರಿ ಬಂದಾಗ ತುರಿಕೆ ಆರಂಭವಾಗಲು ಕೆಲವು ವಾರಗಳೇ ಆಗುತ್ತವೆ. ಅಷ್ಟರಲ್ಲಿ ಅದು ಒಂದೇ ಹಾಸಿಗೆಯಲ್ಲಿ ಮಲಗುವ ಅಣ್ಣತಮ್ಮಂದಿರಿಗೂ, ವಸತಿನಿಲಯದ ಗೆಳೆಯರಿಗೂ ಹರಡಿರುತ್ತದೆ. ಆದ್ದರಿಂದ ತುರಿಕೆ ಇದ್ದವರಿಗೆ ಮಾತ್ರ ಔಷಧಿ ಹಚ್ಚಿದರೆ ಪ್ರಯೋಜನವಿಲ್ಲ. ಮನೆಯವರೆಲ್ಲರೂ ಒಂದೇ ದಿನ ಹಚ್ಚಬೇಕು. ವೈದ್ಯರು ಕೊಡುವ ಮುಲಾಮನ್ನು ಸಾಮಾನ್ಯವಾಗಿ ರಾತ್ರಿ ಕತ್ತಿನಿಂದ ಅಂಗಾಲಿನವರೆಗೆ ಹಚ್ಚಿ, ಬೆಳಿಗ್ಗೆ ಸ್ನಾನ ಮಾಡುತ್ತಾರೆ. ನಾವು ಮಲಗಿರುವಾಗ ಔಷಧಿ ತನ್ನ ಕೆಲಸ ಮಾಡುತ್ತದೆ. ಒಂದೆರಡು ವಾರದ ನಂತರ ಇನ್ನೊಮ್ಮೆ ಹಚ್ಚಲು ಹೇಳಬಹುದು. ಹೊದಿಕೆ, ಹಾಸಿಗೆ, ಬಟ್ಟೆಗಳನ್ನು ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ನುಸಿ ಮನುಷ್ಯರ ಮೈ ಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕಲಾರದು. ನುಸಿ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರಬಹುದು. ಹೆದರಬೇಡಿರಿ.

ಕಜ್ಜಿ ಆದ ಗೆಳೆಯನನ್ನು ಕೊಳಕ ಎಂದು ಹಂಗಿಸಬಾರದು. ದಿನವೂ ಸ್ನಾನ ಮಾಡುವವರಿಗೂ ಅದು ಬರುತ್ತದೆ. ನಾಚಿಕೆಯಿಂದ ಮುಚ್ಚಿಟ್ಟರೆ ಅದು ಎಲ್ಲರಿಗೂ ಹರಡುತ್ತದೆ. ನಿಮಗೆ ಆಗಿದ್ದರೆ ತಾಯಿಗೋ ಗುರುಗಳಿಗೋ ಬೇಗನೆ ಹೇಳಿರಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಅದು ಗುಣವಾಗುವ ರೋಗ.

ಸೊಳ್ಳೆಪರದೆ ಎಂಬ ಹೊದಿಕೆ

ರಾತ್ರಿ ಚರ್ಮವನ್ನು ಕಾಯುವ ಇನ್ನೊಂದು ವಸ್ತು ಸೊಳ್ಳೆಪರದೆ. ಮಲೇರಿಯಾ ಹರಡುವ ಸೊಳ್ಳೆ ಹೆಚ್ಚಾಗಿ ರಾತ್ರಿಯಲ್ಲಿಯೇ ಕಚ್ಚುತ್ತದೆ. ಈ ರೋಗ ಸೊಳ್ಳೆಯಿಂದ ಬರುತ್ತದೆ ಎಂಬುದಕ್ಕೆ ಮುಖ್ಯ ಸಾಕ್ಷಿ ಸಿಕ್ಕಿದ್ದು ದೂರದ ದೇಶದಲ್ಲಿ ಅಲ್ಲ, ನಮ್ಮ ಸಿಕಂದರಾಬಾದಿನಲ್ಲಿ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಎಂಬ ವೈದ್ಯರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಕಲ್ಲು ತೆಗೆದ ಹಳ್ಳಗಳಲ್ಲಿ ನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಆದ್ದರಿಂದ ಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗಿರಿ. ಆ ಹಳ್ಳಗಳ ಬಳಿ ಆಟಕ್ಕೂ ಈಜಿಗೂ ಹೋಗಬೇಡಿರಿ.

ಬಣ್ಣದ ಮಾತು

‘ಒಂದೇ ರಾತ್ರಿಯಲ್ಲಿ ಮುಖ ಬೆಳ್ಳಗಾಗುತ್ತದೆ’ ಎನ್ನುವ ಮುಲಾಮುಗಳ ಬಗ್ಗೆ ನೀವು ಕೇಳಿರಬಹುದು. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಕಪ್ಪು ಚರ್ಮದಲ್ಲಿ ಅದು ಹೆಚ್ಚು. ಬಿಸಿಲಿನ ಕೆಟ್ಟ ಕಿರಣಗಳಿಂದ ಅದು ನಮ್ಮನ್ನು ಕಾಯುತ್ತದೆ. ನಮ್ಮಂತಹ ಬಿಸಿಲು ಸೀಮೆಯವರಿಗೆ ಅದು ಹುಟ್ಟಿನಿಂದ ಬಂದ ಕೊಡೆ. ಕೊಡೆಯನ್ನು ಯಾರಾದರೂ ಎಸೆಯುತ್ತಾರೆಯೇ?

ಬೆಳ್ಳಗೆ ಮಾಡುವ ಕೆಲವು ಮುಲಾಮುಗಳಲ್ಲಿ ಪಾದರಸ ಬೆರೆಸಿರುವುದನ್ನು ಅನೇಕ ದೇಶಗಳಲ್ಲಿ ಪತ್ತೆ ಹಚ್ಚಿದ್ದಾರೆ. ಪಾದರಸ ಮೂತ್ರಪಿಂಡಗಳನ್ನೂ ನರಗಳನ್ನೂ ಕೆಡಿಸುತ್ತದೆ. ಚರ್ಮದ ಬಣ್ಣ ಯಾವುದೇ ಇರಲಿ, ಸ್ವಚ್ಛವಾದ, ಗಾಯವಿಲ್ಲದ, ಒಡೆಯದ ಚರ್ಮವೇ ಚೆಲುವಾದ ಚರ್ಮ.

ಎಲ್ಲಕ್ಕಿಂತ ದೊಡ್ಡ ಔಷಧಿ ನಿದ್ರೆ

ಇಷ್ಟೆಲ್ಲ ಮಾಡಿಯೂ ನಿದ್ರೆ ಮಾಡದಿದ್ದರೆ ಫಲ ಕಡಿಮೆ. ಗಾಢ ನಿದ್ರೆಯಲ್ಲಿರುವಾಗ ನಮ್ಮ ದೇಹದಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಬಿಡುಗಡೆಯಾಗುತ್ತದೆ. ಮೂಳೆ, ಸ್ನಾಯು, ಚರ್ಮಗಳ ಬೆಳವಣಿಗೆಗೆ ಅದು ಬೇಕು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕು ಎಂದು ವೈದ್ಯರು ಹೇಳುತ್ತಾರೆ. ಬೆಳಿಗ್ಗೆ 6 ಗಂಟೆಗೆ ಏಳುವವರು ರಾತ್ರಿ 9 ಗಂಟೆಯೊಳಗೆ ಮಲಗಬೇಕು. ಟಿ.ವಿ. ಮತ್ತು ಮೊಬೈಲನ್ನು ಅದಕ್ಕಿಂತ ಮೊದಲೇ ಬದಿಗಿಡಬೇಕು.

ಗೋಡೆ ಕಟ್ಟಲು ಇಟ್ಟಿಗೆ ಬೇಕು. ಚರ್ಮ ಮತ್ತು ಕೂದಲಿನ ಇಟ್ಟಿಗೆ ಆಹಾರದಲ್ಲಿದೆ. ಕೂದಲು ಆಗಿರುವುದೇ ಪ್ರೋಟೀನಿನಿಂದ. ನಮ್ಮ ತಾಂಡೂರಿನ ತೊಗರಿಬೇಳೆಯಲ್ಲಿ ಪ್ರೋಟೀನು ಚೆನ್ನಾಗಿದೆ. ಈ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಜೋಳದ ರೊಟ್ಟಿ, ತೊಗರಿಬೇಳೆಯ ಸಾರು, ಪುಂಡಿಪಲ್ಯೆ, ಶೇಂಗಾ ಹಿಂಡಿ ಇವೆಲ್ಲ ಚರ್ಮಕ್ಕೂ ಊಟವೇ.

ಮಕ್ಕಳೇ, ಚರ್ಮದ ಆರೈಕೆಗೆ ದುಬಾರಿ ವಸ್ತುಗಳು ಬೇಕಾಗಿಲ್ಲ ಎಂಬುದು ನಿಮಗೆ ಈಗ ತಿಳಿಯಿತು. ಎರಡು ತಂಬಿಗೆ ನೀರು, ಒಂದು ಸಾಬೂನು, ನಾಲ್ಕು ಹನಿ ಎಣ್ಣೆ, ಒಗೆದ ಹೊದಿಕೆ ಮತ್ತು ಸಾಕಷ್ಟು ನಿದ್ರೆ ಇದ್ದರೆ ಆಯಿತು. ಉಳಿದ ಕೆಲಸವನ್ನು ನೀವು ಮಲಗಿದ ಮೇಲೆ ನಿಮ್ಮ ಚರ್ಮವೇ ಮಾಡಿಕೊಳ್ಳುತ್ತದೆ.

ಮಾಡಿ ನೋಡಿ

ಒಂದೇ ಗಾತ್ರದ ಮೂರು ಆಲೂಗಡ್ಡೆಗಳನ್ನು ತೆಗೆದುಕೊಳ್ಳಿರಿ. ಮೊದಲನೆಯದನ್ನು ಸಿಪ್ಪೆಯೊಂದಿಗೆ ಹಾಗೆಯೇ ಇಡಿರಿ. ಉಳಿದ ಎರಡರ ಸಿಪ್ಪೆಯನ್ನು ದೊಡ್ಡವರಿಂದ ತೆಗೆಸಿರಿ. ಅವುಗಳಲ್ಲಿ ಒಂದಕ್ಕೆ ಎಣ್ಣೆ ಸವರಿರಿ. ಮೂರನ್ನೂ ತಟ್ಟೆಯಲ್ಲಿ ಒಂದು ರಾತ್ರಿ ಬಿಡಿರಿ. ಬೆಳಿಗ್ಗೆ ಯಾವುದು ಹೆಚ್ಚು ಬಾಡಿದೆ? ಯಾವುದು ಕಡಿಮೆ ಬಾಡಿದೆ? ಸಿಪ್ಪೆಯನ್ನು ನಿಮ್ಮ ಚರ್ಮಕ್ಕೆ ಹೋಲಿಸಿ ಕಾರಣವನ್ನು ಗೆಳೆಯರಿಗೆ ಹೇಳಿರಿ.

ಪ್ರಶ್ನೆಗಳು

1. ಚರ್ಮವನ್ನು ಗೋಡೆಗೆ ಹೋಲಿಸಿರುವುದು ಏಕೆ?
2. ರಾತ್ರಿ ಚರ್ಮ ಬೇಗ ಒಣಗಲು ಕಾರಣಗಳೇನು?
3. ಬೆವರಿದ ಮೈಮೇಲೆ ಸಿಮೆಂಟ್ ಧೂಳು ಇರಬಾರದು. ಏಕೆ?
4. ತುರಿಕಜ್ಜಿಗೆ ಮನೆಯವರೆಲ್ಲರೂ ಒಂದೇ ದಿನ ಔಷಧಿ ಹಚ್ಚಬೇಕು. ಕಾರಣ ಬರೆಯಿರಿ.
5. ಹೇನಿಗೆ ಬೆಳೆಯ ಔಷಧಿ ಹಚ್ಚಲು ಯಾರಾದರೂ ಹೇಳಿದರೆ ನೀವು ಏನು ಹೇಳುವಿರಿ?
6. ಮಲಗುವ ಮೊದಲು ನಿಮ್ಮ ಮನೆಯಲ್ಲಿ ಏನೇನು ಮಾಡುತ್ತೀರಿ? ಐದು ವಾಕ್ಯಗಳಲ್ಲಿ ಬರೆಯಿರಿ.